ಬೊಂಬಾಯಿಯಲ್ಲಿ ನಮ್ಮ ಹಿರಿಯರ ಗುರುತು ಹುಡುಕುವುದು ಹೇಗೆ?



ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಅಪ್ಪನೋ ಅಜ್ಜನೋ ದೊಡ್ಡಪ್ಪನೋ ಬೊಂಬಾಯಿಗೆ ಹೋಗಿ ದುಡಿದ ಕತೆ ಇಲ್ಲದ ಮನೆ ಕಡಿಮೆ. ಹಗಲು ಹೋಟೆಲಿನಲ್ಲಿ ಮಾಣಿ, ರಾತ್ರಿ ಶಾಲೆಯಲ್ಲಿ ವಿದ್ಯಾರ್ಥಿ ಎಂದು ಆ ಕತೆ ಶುರುವಾಗುತ್ತದೆ. ಯಾವ ಹೋಟೆಲು, ಯಾವ ಶಾಲೆ, ಯಾವ ಬೀದಿ ಎಂದು ಕೇಳಿದರೆ ಹೇಳುವವರಿಲ್ಲ.

ಈಗ ನಮ್ಮ ಮಕ್ಕಳು ಮುಂಬೈಗೆ ಮದುವೆಗೆ, ಕೆಲಸಕ್ಕೆ ಹೋಗಿಬರುತ್ತಾರೆ. ಗೇಟ್‌ವೇ ಮುಂದೆ ಫೋಟೋ ತೆಗೆದು ಮರಳುತ್ತಾರೆ. ಹಾಗೆ ಹೋದವರು ಒಂದೆರಡು ದಿನ ಹಿರಿಯರ ಗುರುತು ಹುಡುಕುವುದಕ್ಕೂ ಇಟ್ಟುಕೊಳ್ಳಬಹುದು. ಕಳೆದ ಬಾರಿ ಸಂಬಂಧಿಕರ ಮದುವೆಗೆ ಹೋದಾಗ ನಾನು ಹಾಗೆ ಮಾಡಿದೆ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಟ್ಟ ಹತ್ತಿ

ಹುಡುಕಾಟ ಶುರುವಾಗಬೇಕಾದದ್ದು ಮುಂಬೈಯಲ್ಲಲ್ಲ, ನಮ್ಮ ಮನೆಯ ಅಟ್ಟದಲ್ಲಿ. ಹಳೆಯ ಟ್ರಂಕಿನಲ್ಲಿ ಮನಿಯಾರ್ಡರ್ ಚೀಟಿ, ಅಂಚೆ ಕಾರ್ಡು, ಬಾಡಿಗೆ ರಸೀದಿ, ಶಾಲೆಯ ಸರ್ಟಿಫಿಕೇಟು, ಗ್ರೂಪ್ ಫೋಟೋ ಏನಿದ್ದರೂ ಬಿಸಾಡಬೇಡಿ.

ಮನಿಯಾರ್ಡರ್ ಚೀಟಿಯಲ್ಲಿ ಒಂದು ಉಪಯೋಗ ಇದೆ. ಪಿನ್‌ಕೋಡ್ ಬಂದದ್ದು 1972ರಲ್ಲಿ. ಅದಕ್ಕೂ ಮೊದಲು ವಿಳಾಸದಲ್ಲಿ 'ಬೊಂಬಾಯಿ-1', 'ಬೊಂಬಾಯಿ-19' ಎಂದು ಬರೆಯುತ್ತಿದ್ದರು. ಆ ಸಂಖ್ಯೆಯೇ ಇಂದಿನ ಪಿನ್‌ಕೋಡಿನ ಕೊನೆಯಲ್ಲಿ ಉಳಿದುಕೊಂಡಿದೆ. 1 ಎಂದರೆ ಫೋರ್ಟ್ (400001), 14 ದಾದರ್ (400014), 16 ಮಾಹಿಮ್ (400016), 19 ಮಾಟುಂಗಾ (400019), 31 ವಡಾಲಾ (400031). ಅಂಚೆ ಮುದ್ರೆಯನ್ನು ಭೂತಕನ್ನಡಿಯಲ್ಲಿ ನೋಡಿದರೆ ಅಜ್ಜ ಯಾವ ಭಾಗದಲ್ಲಿದ್ದರೆಂಬುದು ಅಲ್ಲೇ ಸಿಗುತ್ತದೆ. ಅಷ್ಟು ದೊಡ್ಡ ಊರು ಒಂದು ಪೇಟೆಯಷ್ಟಕ್ಕೆ ಇಳಿಯುತ್ತದೆ.

ನನ್ನ ತಂದೆಯವರ ಚೀಟಿಗಳು ಏಳು ಉಳಿದಿದ್ದವು. ಎಲ್ಲದರಲ್ಲೂ ಬೊಂಬಾಯಿ-1. ಹತ್ತು ರೂಪಾಯಿ, ಹದಿನೈದು ರೂಪಾಯಿ. ಕೆಳಗೆ ಕನ್ನಡದಲ್ಲಿ ಎರಡು ಸಾಲು, ಅಮ್ಮನ ಮದ್ದಿಗೆ, ದನದ ಹಿಂಡಿಗೆ ಎಂದು.

ಹೆಸರುಗಳು ಬದಲಾಗಿವೆ

ಹಳೆಯ ಕಾಗದದ ಹೆಸರನ್ನು ಹಿಡಿದು ಇಂದಿನ ಮುಂಬೈಯಲ್ಲಿ ವಿಚಾರಿಸಿದರೆ ತಬ್ಬಿಬ್ಬಾಗುತ್ತೀರಿ. ಹಾರ್ನ್‌ಬಿ ರೋಡ್ ಈಗ ದಾದಾಭಾಯಿ ನವರೋಜಿ ರಸ್ತೆ. ಫ್ರಿಯರ್ ರೋಡ್ ಈಗ ಪಿ. ಡಿಮೆಲ್ಲೊ ರಸ್ತೆ. ಫ್ಲೋರಾ ಫೌಂಟನ್ ಚೌಕ ಹುತಾತ್ಮ ಚೌಕವಾಗಿದೆ. ವಿ.ಟಿ. ನಿಲ್ದಾಣ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಆಗಿದೆ. ಊರೇ ಬೊಂಬಾಯಿ ಹೋಗಿ 1995ರಲ್ಲಿ ಮುಂಬೈ ಆಯಿತು. ವಯಸ್ಸಾದ ಅಂಗಡಿಯವರಲ್ಲಿ ಹಳೆಯ ಹೆಸರು ಹೇಳಿ, ಟ್ಯಾಕ್ಸಿಯವರಲ್ಲಿ ಹೊಸ ಹೆಸರು ಹೇಳಿ.

ನಮ್ಮ ಊರಿನ ವಿಷಯವೂ ಹಾಗೆಯೇ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳದ ಕಣ್ಣೂರು ಜಿಲ್ಲೆಗೆ ಸೇರಿ, 1984ರಲ್ಲಿ ಸ್ವಂತ ಜಿಲ್ಲೆಯಾಯಿತು. ಆದ್ದರಿಂದ ಹಳೆಯ ರಿಜಿಸ್ಟರಿನಲ್ಲಿ 'ಕೇರಳ' ಎಂದು ಹುಡುಕಿದರೆ ನಮ್ಮವರು ಸಿಗುವುದಿಲ್ಲ. 'ಸೌತ್ ಕೆನರಾ' ಎಂದು ಹುಡುಕಬೇಕು. ನನ್ನ ತಂದೆ 1951ರಲ್ಲಿ ಹೊರಟದ್ದು ಮದ್ರಾಸ್ ರಾಜ್ಯದಿಂದ, 1957ರಲ್ಲಿ ಮರಳಿದ್ದು ಕೇರಳಕ್ಕೆ. ಮನೆ ಮಾತ್ರ ಇದ್ದಲ್ಲೇ ಇತ್ತು.

ಎಲ್ಲಿ ವಿಚಾರಿಸಬೇಕು

ಮೊದಲನೆಯದಾಗಿ ಮಾಟುಂಗಾಕ್ಕೆ ಹೋಗಿ. ದಕ್ಷಿಣದವರು ಹಿಂದಿನಿಂದಲೂ ನೆಲೆಸಿದ ಜಾಗ ಅದು. ಮೈಸೂರು ಅಸೋಸಿಯೇಶನ್ ಇರುವುದು ಅಲ್ಲಿಯೇ. ಅದು 1926ರಲ್ಲಿ ಆರಂಭವಾದದ್ದು. ಎ. ರಾಮ ನಾಯಕ್ ಅವರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸೆಂಟ್ರಲ್ ಲೈನಿನ ಮಾಟುಂಗಾ ನಿಲ್ದಾಣದ ಪಕ್ಕದಲ್ಲೇ ಇದೆ. ಬಾಳೆ ಎಲೆಯ ಊಟ ಮುಗಿಸಿ ಅಲ್ಲಿನ ಹಿರಿಯರೊಡನೆ ಮಾತಿಗೆ ಕುಳಿತರೆ ನಾಲ್ಕು ಹೆಸರು ಸಿಗುತ್ತದೆ. ಒಂದು ಎಚ್ಚರಿಕೆ: ಮಾಟುಂಗಾ ರೋಡ್ ಎಂಬುದು ವೆಸ್ಟರ್ನ್ ಲೈನಿನ ಬೇರೆ ನಿಲ್ದಾಣ.

ಎರಡನೆಯದು ಸಮುದಾಯದ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ಮೊದಲಾದವು ನಮ್ಮ ಕರಾವಳಿಯಿಂದ ಹೋದ ಹುಡುಗರಿಗೆ ಆಸರೆಯಾದವು. ಮೊಗವೀರರ ರಾತ್ರಿ ಶಾಲೆ 1908ರಷ್ಟು ಹಿಂದಿನದು. ಹಳೆಯ ಸದಸ್ಯರ ಪಟ್ಟಿ, ವಾರ್ಷಿಕ ವರದಿ, ಸ್ಮರಣ ಸಂಚಿಕೆ ಇದ್ದರೆ ತೋರಿಸಿ ಎಂದು ಕೇಳಿ. ನಮ್ಮ ಸಂಘದ ಹಳೆಯ ವರದಿಗಳನ್ನು ನಾವೂ ಹಾಗೆ ತೋರಿಸುತ್ತೇವಲ್ಲ.

ಮೂರನೆಯದು ಶಾಲೆ. ಮಹಾರಾಷ್ಟ್ರದ ಶಾಲೆಗಳಲ್ಲಿ 'ಜನರಲ್ ರಿಜಿಸ್ಟರ್' ಎಂಬ ದೊಡ್ಡ ಪುಸ್ತಕ ಇರುತ್ತದೆ. ಸೇರಿದ ದಿನ, ಹುಟ್ಟಿದ ಊರು, ಹಿಂದಿನ ಶಾಲೆ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲವೂ ಒಂದೇ ಸಾಲಿನಲ್ಲಿ. ಶಾಲೆ ಮುಚ್ಚಿದ್ದರೆ ಅದರ ರಿಜಿಸ್ಟರು ಎಲ್ಲಿಗೆ ಹೋಯಿತೆಂದು ಹಳೆಯ ಅಧ್ಯಾಪಕರನ್ನು ವಿಚಾರಿಸಿ.

ನಾಲ್ಕನೆಯದು ನಗರಪಾಲಿಕೆ. ಮುಂಬೈಯಲ್ಲೇ ಹುಟ್ಟಿದ, ತೀರಿಕೊಂಡ ಹಿರಿಯರ ದಾಖಲೆ ವಾರ್ಡ್ ಕಚೇರಿಗೆ ಸಂಬಂಧಿಸಿದ್ದು. ಫೋರ್ಟ್ 'ಎ' ವಾರ್ಡಿಗೆ, ಮಾಟುಂಗಾ 'ಎಫ್ ನಾರ್ತ್'ಗೆ ಸೇರುತ್ತದೆ. ವರ್ಷ ಗೊತ್ತಿಲ್ಲದೆ ಹೋದರೆ ಕೆಲಸವಾಗದು. ಗುಮಾಸ್ತನ ಕುರ್ಚಿಯಲ್ಲಿ ಮೂವತ್ತನಾಲ್ಕು ವರ್ಷ ಕುಳಿತವನ ಮಾತಿದು: "ಸುಮಾರು ಐವತ್ತರ ದಶಕ" ಎನ್ನುವವರಿಗೆ ಯಾರೂ ಕಡತ ಬಿಚ್ಚುವುದಿಲ್ಲ. ವರ್ಷ, ಹೆಸರು, ತಂದೆಯ ಹೆಸರು, ಊರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ನಿಮ್ಮ ಆಧಾರ್ ಕಾರ್ಡು, ಹಿರಿಯರ ಮರಣ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ.

ಕಚೇರಿ, ಶಾಲೆಗಳಿಗೆ ಹೋಗುವುದಾದರೆ ರಜೆಯಲ್ಲದ ದಿನ ನೋಡಿಕೊಳ್ಳಿ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಫೋರ್ಟಿನ ಕಡೆಗೆ ಹೋಗುವ ಲೋಕಲ್ ರೈಲು ವಯಸ್ಸಾದವರಿಗೆ ಹೇಳಿದ್ದಲ್ಲ.

ನನಗೆ ಸಿಕ್ಕಿದ್ದು

ನನ್ನ ತಂದೆ ಓದಿದವರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಪೇಪರ್ ಬಂದರೆ "ನೀನು ಓದು ಮಾರಾಯ, ನಾನು ಕೇಳ್ತೇನೆ" ಎನ್ನುತ್ತಿದ್ದರು. ಸೊಸೈಟಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂದರೂ ನನ್ನ ಕೈಗೇ ಕೊಡುತ್ತಿದ್ದರು. ನಾನು ತಪ್ಪು ಓದಿದರೆ "ಇನ್ನೊಮ್ಮೆ ಓದು" ಎನ್ನುತ್ತಿದ್ದರು. ಓದಲು ಬಾರದವರಿಗೆ ತಪ್ಪು ಹೇಗೆ ತಿಳಿಯುತ್ತದೆ ಎಂದು ಯೋಚಿಸುವ ಬುದ್ಧಿ ನನಗಿರಲಿಲ್ಲ. ಮನಿಯಾರ್ಡರಿನ ಸಾಲುಗಳನ್ನೂ ಯಾರೋ ಬರೆದುಕೊಟ್ಟದ್ದೆಂದೇ ನಂಬಿದ್ದೆ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ, ಓದು ಬಾರದ ಅಪ್ಪ ಎಂದು ಗೆಳೆಯರ ಮುಂದೆ ಸಂಕೋಚಪಟ್ಟದ್ದೂ ಇದೆ.

ಮಾಟುಂಗಾದಲ್ಲಿ ಸಿಕ್ಕಿದ ಹಿರಿಯರೊಬ್ಬರು ಬೊಂಬಾಯಿ-1 ಚೀಟಿ ನೋಡಿ, "ಫೋರ್ಟಿನ ಹೋಟೆಲ್ ಹುಡುಗರೆಲ್ಲ ಆಗ ಅಲ್ಲಿನ ರಾತ್ರಿ ಶಾಲೆಗೇ ಹೋಗ್ತಿದ್ದದ್ದು" ಎಂದರು. ಆ ಶಾಲೆ ಈಗ ಇಲ್ಲ. ಅದರ ರಿಜಿಸ್ಟರುಗಳು ಇನ್ನೊಂದು ಶಾಲೆಯ ಕಪಾಟಿನಲ್ಲಿ ಇದ್ದವು. ಅಲ್ಲಿನ ಗುಮಾಸ್ತರು ಮರಾಠಿಯವರು. ನಾನೂ ಅದೇ ಕೆಲಸ ಮಾಡಿದವನೆಂದು ತಿಳಿದ ಮೇಲೆ ಧೂಳು ಕೊಡವಿ ಪುಸ್ತಕ ತೆಗೆದರು. ಎರಡನೇ ಪುಸ್ತಕದಲ್ಲಿ ತಂದೆಯ ಹೆಸರು ಇತ್ತು. ಊರು: ಕಾಸರಗೋಡು ತಾಲೂಕು, ಸೌತ್ ಕೆನರಾ. ಸೇರಿದ್ದು 1951ರ ಜೂನ್, ಆರನೇ ತರಗತಿ. ಬಿಟ್ಟದ್ದು 1957ರ ಜನವರಿ, ಹನ್ನೊಂದನೇ ತರಗತಿ. ಆಗ ಅಲ್ಲಿ ಅದೇ ಮೆಟ್ರಿಕ್. ಬಿಟ್ಟ ಕಾರಣ: ಊರಿಗೆ ಹೋದದ್ದು.

ನನ್ನ ಅಜ್ಜ ತೀರಿಕೊಂಡದ್ದು ಆ ಜನವರಿಯಲ್ಲಿ. ಪರೀಕ್ಷೆಗೆ ಎರಡು ತಿಂಗಳು ಬಾಕಿ ಇತ್ತು.

ನಾನು ಆ ಸಾಲಿನ ಫೋಟೋ ತೆಗೆದುಕೊಂಡೆ. ಗುಮಾಸ್ತರು ಕುರ್ಚಿ ಎಳೆದು ಕೊಟ್ಟು ಚಹಾ ತರಿಸಿದರು.

ಒಂದು ವಿನಂತಿ

ಆ ಚೀಟಿಗಳನ್ನು ನನ್ನ ಮೊಮ್ಮಗಳಿಗೆ ತೋರಿಸಿದೆ. ಅವಳು ಕಲಿಯುವುದು ಬೇರೆ ಮಾಧ್ಯಮದಲ್ಲಿ. ಮುತ್ತಜ್ಜನ ಎರಡು ಸಾಲು ಓದಲು ಆಗಲಿಲ್ಲ. ಈಗ ಭಾನುವಾರ ಸಂಜೆ ಅವಳನ್ನು ಕೂರಿಸಿಕೊಂಡು ಓದಿಸುತ್ತಿದ್ದೇನೆ. ತಪ್ಪಿದರೆ "ಇನ್ನೊಮ್ಮೆ ಓದು" ಎನ್ನುತ್ತೇನೆ.

ಮುಂಬೈಯ ಹಳೆಯ ಚಾಳುಗಳು ಒಂದೊಂದಾಗಿ ಉರುಳಿ ಗಗನಚುಂಬಿ ಕಟ್ಟಡಗಳು ಏಳುತ್ತಿವೆ. ಆ ಕಾಲ ಕಂಡವರೂ ಕಡಿಮೆಯಾಗುತ್ತಿದ್ದಾರೆ. ಹೋಗುವವರು ತಡಮಾಡಬೇಡಿ. ಮನೆಯಲ್ಲಿ ಬೊಂಬಾಯಿಯ ಕಾಗದಗಳಿದ್ದರೆ ಸಂಘದ ಮುಂದಿನ ಮಾಸಿಕ ಸಭೆಗೆ ತನ್ನಿ. ಅಂಚೆ ಮುದ್ರೆ ಓದಲು, ಅರ್ಜಿ ಬರೆದುಕೊಡಲು ನಾನಿದ್ದೇನೆ. ಮೂಲ ಪ್ರತಿ ನಿಮ್ಮ ಕೈಯಲ್ಲೇ ಇರಲಿ. ಸಂಘಕ್ಕೆ ಒಂದು ನಕಲು ಸಾಕು.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ