ಎಂಜಿನ್ನಿಗೂ ಒಂದು ಮೂಗು ಉಂಟು, ಸ್ವಾಮಿ!

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ನೀರು ಚಿಮುಕಿಸಲು ಹೊರಟರೆ ಎದುರಿಗೇ ಒಂದು ಕರಿ ಮಚ್ಚೆ. ರಾತ್ರಿ ಅಲ್ಲಿ ನಿಂತಿದ್ದ ಗಾಡಿ ಯಾವುದು ಎಂದು ಪಕ್ಕದ ಬೀಡಾ ಅಂಗಡಿಯವನನ್ನು ಕೇಳಬೇಕಾಗಿಲ್ಲ. ಅದು ಅಂಬಾಸಿಡರೇ. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲೇ ಕೆಲಸ ನಿಲ್ಲಿಸಿತು. ಆದರೂ ಈ ಗಾಡಿಯ ಮೇಲಿನ ಮೋಹ ನಮ್ಮ ಜನಕ್ಕೆ ಬಿಟ್ಟಿಲ್ಲ. ಅಪ್ಪ ತೆಗೆದುಕೊಂಡದ್ದು, ಮದುವೆಗೆ ಕೂತು ಬಂದದ್ದು, ಮಾರಲಿಕ್ಕೆ ಮನಸ್ಸು ಬಾರದೆ ಶೆಡ್ಡಿನಲ್ಲಿ ಇಟ್ಟುಕೊಂಡವರು ಬೇಕಾದಷ್ಟು ಮಂದಿ.

ಇಟ್ಟುಕೊಂಡ ಮೇಲೆ ಮಚ್ಚೆ ಉಂಟು, ನೀಲಿ ಹೊಗೆ ಉಂಟು, ಕಾಲ ಬಳಿ ಕಾದ ಎಣ್ಣೆಯ ವಾಸನೆಯೂ ಉಂಟು. ‘ವಯಸ್ಸಾಯ್ತು ಬಿಡಿ’ ಅಂತ ಸಮಾಧಾನ.

ಅಕ್ಕಿ ವ್ಯಾಪಾರಿಯೊಬ್ಬರು ಇಂಥ ಗಾಡಿ ಒಯ್ದು ಗ್ಯಾರೇಜಿನಲ್ಲಿ ನಿಲ್ಲಿಸಿದರು ಅಂತಿಟ್ಟುಕೊಳ್ಳಿ. ಮೇಸ್ತ್ರಿ ಬಾನೆಟ್ ಎತ್ತುತ್ತಾನೆ, ಆಯಿಲ್ ಹಾಕುವ ಮುಚ್ಚಳ ತೆಗೆಯುತ್ತಾನೆ. ಒಳಗಿನಿಂದ ಪುಸುಪುಸು ಹೊಗೆ. ‘ಸಾವ್ಕಾರ್ರೇ, ಎಂಜಿನ್ ಇಳಿಸ್ಬೇಕು. ಬೋರ್ ಹೊಡಿಸಿ, ಪಿಸ್ಟನ್ ರಿಂಗ್ ಹಾಕಿ, ಪ್ಯಾಕಿಂಗ್ ಎಲ್ಲಾ ಬದಲಾಯಿಸಿದ್ರೇ ಸರಿ’ ಅನ್ನುತ್ತಾನೆ. ಸಾಹುಕಾರರು ತಲೆಯಾಡಿಸುತ್ತಾರೆ. ಗಾಡಿ ಒಂದು ತಿಂಗಳು ಒಳಗೆ, ದುಡ್ಡು ಹೊರಗೆ. ಬಂದ ಮೇಲೆ ನಾಲ್ಕು ವಾರ ಚೆನ್ನಾಗಿ ಓಡುತ್ತದೆ. ಐದನೆಯ ವಾರ ಅದೇ ಜಾಗದಲ್ಲಿ ಅದೇ ಮಚ್ಚೆ!

ಬಿಚ್ಚಿ ಜೋಡಿಸಿದ ಅಷ್ಟೂ ಸಾಮಾನಿನಲ್ಲಿ ಯಾರೂ ಮುಟ್ಟದೆ ಬಿಟ್ಟದ್ದು ಒಂದು ಕೊಳವೆ ಮಾತ್ರ. ಬ್ರೀದರ್ ಪೈಪು.

ಎಂಜಿನ್ನಿಗೆ ಉಸಿರೇಕೆ?

ಪಿಸ್ಟನ್ನಿನ ಮೇಲೆ ಪೆಟ್ರೋಲು ಸಿಡಿದಾಗ ಅದರ ಒತ್ತಡವೆಲ್ಲ ಪಿಸ್ಟನ್ನನ್ನು ತಳ್ಳಲಿಕ್ಕೇ ಆಗುವುದಿಲ್ಲ. ಸ್ವಲ್ಪ ಗ್ಯಾಸು ರಿಂಗುಗಳ ಸಂದಿನಲ್ಲಿ ನುಸುಳಿ ಕೆಳಗೆ, ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲೂ ಇದು ಇದ್ದದ್ದೇ, ಸವೆದ ಎಂಜಿನ್ನಿನಲ್ಲಿ ಜಾಸ್ತಿ. ಈ ಗ್ಯಾಸಿನಲ್ಲಿ ಉರಿಯದ ಪೆಟ್ರೋಲು, ನೀರಿನ ಆವಿ, ಲೋಹ ತಿನ್ನುವ ಆಮ್ಲದ ಅಂಶ ಎಲ್ಲಾ ಸೇರಿರುತ್ತವೆ. ಹೊರಗೆ ದಾರಿ ಇಲ್ಲದಿದ್ದರೆ ಏನಾಗುತ್ತದೆ? ವೆಯ್ಟು ಕಟ್ಟಿಕೊಂಡ ಕುಕ್ಕರಿನ ಕಥೆಯೇ. ಒತ್ತಡ ತನಗೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಸೀಲಿನ ಬಳಿ, ಪ್ಯಾಕಿಂಗಿನ ಬಳಿ, ಕೊನೆಗೆ ಆಯಿಲ್ ನೋಡುವ ಕಡ್ಡಿಯನ್ನೇ ಮೇಲಕ್ಕೆ ತಳ್ಳಿ ಎಣ್ಣೆ ಉಗುಳುತ್ತದೆ.

ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ವಂಶದ್ದು, ಗಾಡಿಯ ಮೂಲ ಮೋರಿಸ್ ಆಕ್ಸ್‌ಫರ್ಡ್. ಈ ವಂಶದ ಮೂರು ಬೇರಿಂಗಿನ ಎಂಜಿನ್ನುಗಳಲ್ಲಿ ಒಂದು ಗುಟ್ಟು ಉಂಟು. ಕ್ರ್ಯಾಂಕಿನ ಹಿಂಬದಿಗೆ, ಅಂದರೆ ಕ್ಲಚ್ಚಿನ ಕಡೆಗೆ, ಈಗಿನ ಹಾಗೆ ರಬ್ಬರ್ ಸೀಲು ಇಲ್ಲವೇ ಇಲ್ಲ! ಕ್ರ್ಯಾಂಕಿನ ಮೇಲೆ ಸ್ಕ್ರೂವಿನ ಹಾಗೆ ಕೊರೆದ ಗೆರೆಗಳು ಎಣ್ಣೆಯನ್ನು ತಿರುತಿರುಗಿ ಒಳಕ್ಕೆ ಎಳೆದು ಹಾಕಬೇಕು, ಅಷ್ಟೆ. ಒಳಗೆ ಒತ್ತಡ ಹೆಚ್ಚಿದರೆ ಈ ಗೆರೆಗಳು ಪಾಪ ಏನು ಮಾಡಿಯಾವು? ಎಣ್ಣೆ ಕ್ಲಚ್ಚಿನ ಕಡೆಗೆ ಬರುತ್ತದೆ. ಕ್ಲಚ್ ಪ್ಲೇಟು ನೆನೆದರೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಹತ್ತುವುದಿಲ್ಲ. ಇಲ್ಲದ ಸೀಲನ್ನು ‘ಬದಲಾಯಿಸಿದೆ’ ಎಂದು ಬಿಲ್ಲು ಬರೆಯುವ ಪುಣ್ಯಾತ್ಮರೂ ಇದ್ದರೆ ಆಶ್ಚರ್ಯವಿಲ್ಲ. ಮಾಲೀಕರು ಹಳೆಯ ಸೀಲನ್ನು ಕೈಗೆ ಕೊಡು ಎಂದು ಕೇಳಿ ನೋಡಲಿ.

ಗಾಳಿ ಎಳೆಯುವ ಕೊಳವೆ

ಹಳೆಯ ಕಾಲದ ಏರ್ಪಾಡು ಬಲು ಸರಳ. ಎಂಜಿನ್ನಿನ ಪಕ್ಕೆಯಲ್ಲಿ, ಮ್ಯಾನಿಫೋಲ್ಡಿನ ಕೆಳಗೆ, ಟ್ಯಾಪೆಟ್ಟಿನ ತಗಡಿನ ಮುಚ್ಚಳಗಳು. ಮುಂದಿನ ಮುಚ್ಚಳದಿಂದ ಒಂದು ಕೊಳವೆ ನೆಲದ ಕಡೆಗೆ ಇಳಿಬಿದ್ದಿರುತ್ತದೆ. ಗಾಡಿ ಓಡುವಾಗ ಕೆಳಗೆ ಬೀಸುವ ಗಾಳಿ ಕೊಳವೆಯ ಬಾಯಿಂದ ಒಳಗಿನ ಹೊಗೆಯನ್ನು ಎಳೆಯುತ್ತದೆ. ಮೇಲೆ ರಾಕರ್ ಕವರಿನಿಂದ ಏರ್ ಕ್ಲೀನರಿಗೆ ಇನ್ನೊಂದು ಪೈಪು.

ಗಾಡಿ ಓಡುವಾಗ, ಅಂದೆವಲ್ಲ? ಅಲ್ಲೇ ಇರೋದು ತೊಂದರೆ. ಸಂತೆ ದಿನ ಮಾರ್ಕೆಟ್ಟಿನ ಮುಂದೆ ಮೊದಲ ಗೇರಿನಲ್ಲಿ ತೆವಳುವ ಗಾಡಿಗೆ ಗಾಳಿ ಎಲ್ಲಿಂದ ಬರಬೇಕು? ಹೊಗೆ ಒಳಗೇ ಸುತ್ತುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಎರಡೇ ಮೈಲಿ ಓಡಿಸುವವರ ಗಾಡಿಗೆ ಇನ್ನೂ ಕಷ್ಟ. ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ನೀರಿನ ಆವಿ ಎಣ್ಣೆಯೊಡನೆ ಕಲೆತು ಮುಚ್ಚಳದ ಅಡಿಯಲ್ಲಿ ಬೆಣ್ಣೆಯಂಥ ಬಿಳಿ ಗಸಿ ಕಟ್ಟುತ್ತದೆ. (ಹೆಡ್ ಗ್ಯಾಸ್ಕೆಟ್ ಹೋದರೂ ಇಂಥದೇ ಗಸಿ. ರೇಡಿಯೇಟರಿನ ನೀರು ಇಳಿಯುತ್ತಿದೆಯೇ ನೋಡಿಕೊಳ್ಳಬೇಕು.) ಆ ಗಸಿಯೇ ವರ್ಷಗಟ್ಟಲೆ ಸೇರಿ ಕೊಳವೆಯನ್ನೂ, ಅದರೊಳಗಿನ ತಂತಿ ಜಾಲರಿಯನ್ನೂ ಕಟ್ಟಿಹಾಕುತ್ತದೆ.

ಬಸ್ಸಿನಲ್ಲಿ ಓಡಾಡುವವರಿಗೂ ಈ ವಾಸನೆ ಹೊಸದಲ್ಲ. ಡ್ರೈವರ್ ಪಕ್ಕದಲ್ಲೇ ಎಂಜಿನ್ ಇದ್ದ ಹಳೆಯ ಬಸ್ಸುಗಳ ಮುಂದಿನ ಸೀಟಿನಲ್ಲಿ ಕೂತವರ ಹೊಟ್ಟೆ ತೊಳಸುತ್ತಿದ್ದದ್ದಕ್ಕೆ ಘಾಟಿ ರಸ್ತೆಯ ಜೊತೆಗೆ ಬ್ರೀದರಿನ ಹೊಗೆಯೂ ಕಾರಣ.

ನೆಲಕ್ಕೆ ಬಿಡುವ ಬದಲು ಈ ಹೊಗೆಯನ್ನು ಎಂಜಿನ್ನಿಗೇ ಕುಡಿಸಿ ಸುಟ್ಟುಬಿಟ್ಟರೆ ಹೇಗೆ? ಲಾಸ್ ಏಂಜಲೀಸ್ ನಗರದಲ್ಲಿ ಮಬ್ಬು ಕವಿದು ಜನರ ಕಣ್ಣು ಉರಿಯತೊಡಗಿದಾಗ ಅಮೆರಿಕದವರು ಹಿಡಿದ ದಾರಿ ಇದು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಗೆ, 1963ರ ಹೊತ್ತಿಗೆ ಇಡೀ ಅಮೆರಿಕದ ಕಾರುಗಳಿಗೆ ಪಿಸಿವಿ ವಾಲ್ವು ಬಂತು. ಇಂಗ್ಲೆಂಡಿನ ಎಂಜಿಬಿ ಕಾರಿನ ಬಿ ಸೀರೀಸ್ ಎಂಜಿನ್ನಿಗೆ 1964ರಲ್ಲಿ ಇಂಥ ವಾಲ್ವು ಕೂಡಿಸಿದರು. ಅಂದಮೇಲೆ ಅದೇ ವಂಶದ ನಮ್ಮ ಗಾಡಿಗೆ ಒಗ್ಗದೆ ಏನು?

ಕೂಡಿಸುವ ಬಗೆ

ಮೊದಲು ಎಂಜಿನ್ನಿನ ಆರೋಗ್ಯ ತಿಳಿಯಬೇಕು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದರಲ್ಲಿ ಕಡಿಮೆ ಬಂದರೆ ಆ ಪ್ಲಗ್ಗಿನ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಏರಿದರೆ ರಿಂಗು ಸವೆದಿದೆ, ಆಗ ಮೇಸ್ತ್ರಿ ಹೇಳಿದ್ದೇ ಸರಿ, ಯಾವ ಬ್ರೀದರೂ ಉಳಿಸುವುದಿಲ್ಲ. ಏರದಿದ್ದರೆ ವಾಲ್ವಿನ ಕಡೆಗೆ ಅನುಮಾನ. ನಾಲ್ಕೂ ಹೆಚ್ಚುಕಡಿಮೆ ಸಮ ಇದ್ದು, ಲೆಕ್ಕವೂ ಚೆನ್ನಾಗಿದ್ದರೆ ಎಂಜಿನ್ ಇಳಿಸುವ ಮಾತಿಗೆ ಕಿವಿಗೊಡಬೇಡಿ.

ಆಮೇಲೆ ಟ್ಯಾಪೆಟ್ ಮುಚ್ಚಳ ಬಿಚ್ಚಿ, ಜಾಲರಿ, ಕೊಳವೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದು ಗಾಳಿ ಹೊಡೆಸಬೇಕು. ಎಷ್ಟೋ ಗಾಡಿಯ ರೋಗ ಇಷ್ಟಕ್ಕೇ ವಾಸಿ. ಜಾಲರಿ ಎಸೆದುಬಿಡುವವರಿದ್ದಾರೆ, ಎಸೆಯಬಾರದು. ಹೊಗೆಯಿಂದ ಎಣ್ಣೆಯ ಹನಿ ಹಿಡಿದು ವಾಪಸು ಕಳಿಸುವುದು ಅದೇ.

ವಾಲ್ವು ಹಾಕಿಸುವುದಾದರೆ ಟ್ಯಾಪೆಟ್ ಮುಚ್ಚಳದ ಕೊಳವೆಯಿಂದ ಹೋಸು ಎಳೆದು, ನಡುವೆ ವಾಲ್ವು ಕೂಡಿಸಿ, ಇನ್ಲೆಟ್ ಮ್ಯಾನಿಫೋಲ್ಡಿಗೆ ಸೇರಿಸಬೇಕು. ಮ್ಯಾನಿಫೋಲ್ಡಿನಲ್ಲಿ ಕಾರ್ಬೊರೇಟರಿನ ಕೆಳಗೆ, ನಟ್ಟನಡುವೆಯೇ ತೂತು. ಒಂದು ಕೊನೆಗೆ ಕೊರೆದರೆ ಆ ಕಡೆಯ ಸಿಲಿಂಡರಿಗೇ ಎಲ್ಲ ಎಣ್ಣೆಹೊಗೆ ಹೋಗಿ ಪ್ಲಗ್ಗು ಕಪ್ಪಾಗುತ್ತದೆ. ಇನ್ನೊಂದು ಮಾತು: ಕೊರೆಯುವ ಮೊದಲು ಮ್ಯಾನಿಫೋಲ್ಡ್ ಬಿಚ್ಚಿ ಹೊರಗಿಡಬೇಕು. ‘ಇಲ್ಲೇ ಹೊಡ್ದುಬಿಡ್ತೀನಿ ಸಾರ್’ ಅಂದರೆ ಡ್ರಿಲ್ಲನ್ನು ಕಿತ್ತುಕೊಳ್ಳಿ. ಪುಡಿ ಒಳಗೆ ಬಿದ್ದರೆ ಎಂಜಿನ್ ನಿಜವಾಗಿಯೂ ಇಳಿಯುತ್ತದೆ.

ವಾಲ್ವಿನ ಕೆಲಸ ಚೆಂದ. ಎಂಜಿನ್ ಸುಮ್ಮನೆ ನಿಂತು ಓಡುವಾಗ ಮ್ಯಾನಿಫೋಲ್ಡಿನ ಎಳೆತ ಜೋರು, ವಾಲ್ವು ಕಿರಿದಾಗುತ್ತದೆ. ಏರು ಹತ್ತುವಾಗ ಎಳೆತ ಕಡಿಮೆ, ಸ್ಪ್ರಿಂಗು ತಳ್ಳಿ ದಾರಿ ಅಗಲ. ಕಾರ್ಬೊರೇಟರಿನ ಕಡೆ ಪಟ್ ಎಂದು ಸಿಡಿದರೆ ಮುಚ್ಚಿಕೊಂಡು ಬೆಂಕಿಯನ್ನು ಕ್ರ್ಯಾಂಕ್‌ಕೇಸಿಗೆ ಬಿಡುವುದಿಲ್ಲ. ವಾಲ್ವು ಇಲ್ಲದೆ ಬರೀ ಹೋಸು ಜೋಡಿಸುವವರು ಈ ಮಾತು ನೆನಪಿಡಬೇಕು. ವಾಲ್ವು ಸುಮಾರು 1500 ಸಿಸಿ ಎಂಜಿನ್ನಿಗೆ ಸರಿಹೊಂದುವಂಥದೇ ಇರಲಿ, ದೊಡ್ಡ ಎಂಜಿನ್ನಿನದು ಗಾಳಿ ಜಾಸ್ತಿ ಬಿಟ್ಟು ಐಡ್ಲಿಂಗು ಕೆಡಿಸುತ್ತದೆ.

ರಾಕರ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ಹಳೆಯ ಪೈಪು ಇದ್ದ ಹಾಗೇ ಇರಬೇಕು. ಸೋಸಿದ ಗಾಳಿ ಒಳಗೆ ಬರುವುದು ಅಲ್ಲಿಂದ. ವಾಲ್ವಿಗೆ ಮೀರಿದ ಹೊಗೆ ಬಂದರೆ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಿ ಏರ್ ಕ್ಲೀನರ್ ಮೂಲಕ ಉರಿದುಹೋಗುತ್ತದೆ. ಹೋಸು ಎಣ್ಣೆ ತಡೆಯುವ ಜಾತಿಯದೇ ಬೇಕು. ರೇಡಿಯೇಟರಿನ ಹೋಸು ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ, ಹೊರಗೆ ನೆಟ್ಟಗೆ ಕಂಡರೂ ಒಳಗೆ ಅಪ್ಪಚ್ಚಿ. ಎಲ್ಲೂ ಜೋಲು ಬೀಳದೆ ಎಂಜಿನ್ ಕಡೆಗೆ ಇಳಿಜಾರಾಗಿರಲಿ.

ಕೊನೆಗೆ ಕಾರ್ಬೊರೇಟರ್ ಮತ್ತೆ ಟ್ಯೂನ್ ಮಾಡಿಸಲೇಬೇಕು. ಹೆಚ್ಚಿನ ಗಾಳಿ ಬರುವುದರಿಂದ ಮಿಶ್ರಣ ತೆಳುವಾಗಿ ಗಾಡಿ ನಡುಗುತ್ತದೆ. ಈ ಹೆಜ್ಜೆ ಬಿಟ್ಟು ‘ವಾಲ್ವು ಹಾಕಿದ್ಮೇಲೇ ಗಾಡಿ ಕೆಟ್ಟೋಯ್ತು’ ಎಂದು ಕಿತ್ತೆಸೆಯುವವರೇ ಹೆಚ್ಚು.

ಕೊಳವೆಯ ತುದಿಗೆ ಖಾಲಿ ನೀರಿನ ಬಾಟಲಿ ಕಟ್ಟುವ ಉಪಾಯವೂ ಉಂಟು. ಹೊಗೆ ಹೊರಗೇ ಹೋಗುತ್ತದೆ, ವಾಸನೆಯೂ ಹೋಗುವುದಿಲ್ಲ. ಆದರೆ ನೂರು ಮೈಲಿಗೆ ಎಷ್ಟು ಎಣ್ಣೆ ಬಿತ್ತು ಎಂದು ಅಳೆಯಲಿಕ್ಕೆ ಅಡ್ಡಿಯಿಲ್ಲ. ಬಾಯಿ ಬಿಗಿಯಾಗಿ ಕಟ್ಟಿದರೆ ಮಾತ್ರ ಮತ್ತೆ ಕುಕ್ಕರೇ.

50 ವರ್ಷ ದಾಟಿದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರದ ನಿಯಮ ಬಂದಿದೆ. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಆ ಆಸೆ ಇದ್ದವರು ಮ್ಯಾನಿಫೋಲ್ಡಿಗೆ ತೂತು ಹೊಡೆಸದೆ ಹಳೆಯ ಕೊಳವೆಯನ್ನೇ ತೊಳೆಸಿಕೊಳ್ಳುವುದು ಲೇಸು.

ಕೆಲಸ ಮುಗಿದ ಮೇಲೆ ಪರೀಕ್ಷೆಗೆ ಮೀಟರು ಬೇಡ. ವಾಲ್ವು ಹಾಕಿಸಿದ ಗಾಡಿಯನ್ನು ಕಾಯಿಸಿ, ಐಡ್ಲಿಂಗಿನಲ್ಲಿ ಬಿಟ್ಟು, ಏರ್ ಕ್ಲೀನರಿನ ಪೈಪನ್ನು ಬೆರಳಿನಿಂದ ಮುಚ್ಚಿ, ಆಯಿಲ್ ಮುಚ್ಚಳದ ಬಾಯಿಗೆ ಒಂದು ತುಂಡು ಕಾಗದ ಇಡಿ. ಸ್ವಲ್ಪ ಹೊತ್ತಿಗೆ ಕಾಗದ ಕೆಳಕ್ಕೆ ಅಂಟಿಕೊಂಡರೆ ಎಳೆತ ಇದೆ. ಹಾರಿದರೆ ಎಲ್ಲೋ ಕಟ್ಟಿದೆ, ಇಲ್ಲವೇ ರಿಂಗು ಹೋಗಿದೆ. ರಾತ್ರಿ ಗಾಡಿಯ ಅಡಿಗೆ ಬಿಸ್ಕತ್ತಿನ ಡಬ್ಬದ ರಟ್ಟು ಹಾಸಿ, ಬೆಳಿಗ್ಗೆ ಟಾರ್ಚು ಹಿಡಿದು ಬಗ್ಗಿ ನೋಡಿ: ಮಚ್ಚೆ ಎಂಜಿನ್ನಿನ ಅಡಿಯಲ್ಲಿದೆಯೋ, ಗೇರ್‌ಬಾಕ್ಸಿನ ಅಡಿಯಲ್ಲಿದೆಯೋ. ಗೇರ್‌ಬಾಕ್ಸಿನ ಅಡಿಯಲ್ಲಿದ್ದರೆ ಅದು ಬೇರೆಯೇ ಎಣ್ಣೆ, ಬೇರೆಯೇ ಕೆಲಸ.