ಅಧಿಕ ಉಷ್ಣಾಂಶದ ಯಂತ್ರಭಾಗಗಳಿಗೆ ಒಣ ಕೀಲೆಣ್ಣೆ: ಅರ್ಜಿದಾರರಿಗೆ ಮಾಹಿತಿ

ಸವಣೂರು ತಾಲ್ಲೂಕಿನ ಹತ್ತಿಮತ್ತೂರು ಮುಂತಾದ ಗ್ರಾಮಗಳಲ್ಲಿ ಬೇಕರಿ, ಕುಲುಮೆ ಘಟಕಗಳನ್ನು ಸ್ಥಾಪಿಸಲು ಅರ್ಜಿ ಸಲ್ಲಿಸುವವರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

ಅಧಿಕ ಬಿಸಿಗೆ ಸಾಮಾನ್ಯ ಗ್ರೀಸ್ ಕರಗಿ, ಸುಟ್ಟು ಕರಿಕಟ್ಟುವುದರಿಂದ ಬೇರಿಂಗ್‌ಗಳು ಬಿಗಿದು ನಿಲ್ಲುತ್ತವೆ. ಇಂತಹ ಕಡೆ ಪದರ ರಚನೆಯುಳ್ಳ ಘನ ವಸ್ತುಗಳನ್ನು ಬಳಸಲಾಗುತ್ತದೆ. ಪದರಗಳು ಒಂದರ ಮೇಲೊಂದು ಜಾರುವುದರಿಂದ ಘರ್ಷಣೆ ಹಾಗೂ ಸವೆತ ತಗ್ಗುತ್ತವೆ. ಗಾಳಿಯಲ್ಲಿ ಇವುಗಳ ಅಂದಾಜು ಮಿತಿ:

1. ಮಾಲಿಬ್ಡಿನಂ ಡೈಸಲ್ಫೈಡ್: 350 ಡಿಗ್ರಿ ಸೆಲ್ಸಿಯಸ್. ಮೀರಿದಲ್ಲಿ ಆಕ್ಸೈಡ್ ಆಗಿ ಜಾರುವ ಗುಣ ಕಳೆದುಕೊಳ್ಳುತ್ತದೆ.
2. ಗ್ರಾಫೈಟ್: 450 ಡಿಗ್ರಿ. ಇದು ಜಾರಲು ಗಾಳಿಯ ತೇವಾಂಶವೂ ಅಗತ್ಯ.
3. ಷಟ್ಕೋನ ರೂಪದ ಬೋರಾನ್ ನೈಟ್ರೈಡ್: 900 ಡಿಗ್ರಿ. ಬೆಲೆ ಅಧಿಕ.

ಬೇಕರಿ ಒಲೆಯ ಉಷ್ಣಾಂಶ ಸಾಮಾನ್ಯವಾಗಿ 300 ಡಿಗ್ರಿ ಮೀರದ ಕಾರಣ ಅಲ್ಲಿ ದುಬಾರಿ ವಸ್ತುವಿನ ಅವಶ್ಯಕತೆ ಇರುವುದಿಲ್ಲ. ಯಂತ್ರದ ದರಪಟ್ಟಿ ಪಡೆಯುವಾಗ ಬೇರಿಂಗ್ ಇರುವ ಸ್ಥಳದ ಗರಿಷ್ಠ ಉಷ್ಣಾಂಶವನ್ನು ಲಿಖಿತವಾಗಿ ಪಡೆಯತಕ್ಕದ್ದು.