ಊರೇ ಸಂಗ್ರಹಾಲಯವಾದಾಗ

ವಸ್ತುಸಂಗ್ರಹಾಲಯವೆಂದೊಡನೆ ಗಾಜಿನ ಕಪಾಟು, ಕಾವಲುಗಾರ, ‘ಮುಟ್ಟಬಾರದು’ ಎಂಬ ಫಲಕ ನಮ್ಮ ಕಣ್ಣಿಗೆ ಕಟ್ಟುತ್ತವೆ. ಚೀನದ ಗುಯಿಝೌ ಪ್ರಾಂತದ ಸುವೋಗಾದಲ್ಲಿ 1998ರಲ್ಲಿ ತೆರೆದ ಸಂಗ್ರಹಾಲಯ ಆ ಬಗೆಯದಲ್ಲ. ಮಿಯಾವೊ ಜನಾಂಗದ ಸಣ್ಣ ಪಂಗಡವೊಂದು ನೆಲೆಸಿರುವ 12 ಹಳ್ಳಿಗಳೇ ಅಲ್ಲಿ ಸಂಗ್ರಹಾಲಯ. ಕೋಡಿನಾಕಾರದ ಮರದ ಬಾಚಣಿಗೆಗೆ ಭಾರೀ ತುರುಬು ಸುತ್ತುವ ಅಲ್ಲಿನ ಹೆಂಗಸರ ಉಡುಗೆ, ಕಸೂತಿ, ಹಾಡು, ಮನೆ ಎಲ್ಲವೂ ಇದ್ದಲ್ಲಿಯೇ ಬಾಳಬೇಕೆಂಬುದು ಇದರ ತತ್ತ್ವ. ನಾರ್ವೆ ದೇಶದ ನೆರವಿನಿಂದ ಮಾಹಿತಿ ಕೇಂದ್ರವೊಂದು ಎದ್ದಿತು. ಹಿರಿಯರ ನೆನಪುಗಳನ್ನು ಊರಿನ ತರುಣರೇ ಧ್ವನಿಮುದ್ರಿಸಿದರು.

ಇಂತಹ ಸಂಗ್ರಹಾಲಯಗಳಿಗೆಂದು ಅಲ್ಲಿ ಒಂಬತ್ತು ಸೂತ್ರಗಳು ರಚನೆಯಾದವು. ಸಂಸ್ಕೃತಿಯ ನಿಜವಾದ ಒಡೆಯರು ಹಳ್ಳಿಯ ಜನರೇ, ಅದರ ಅರ್ಥ ಹೇಳುವ ಹಕ್ಕೂ ಅವರದೇ ಎಂಬುದು ಮೊದಲನೆಯದು. ಪ್ರವಾಸೋದ್ಯಮದೊಡನೆ ತಿಕ್ಕಾಟ ಬಂದರೆ ಸಂಸ್ಕೃತಿಗೇ ಆದ್ಯತೆ ಎಂಬುದು ಇನ್ನೊಂದು. ಆಡಿದಷ್ಟು ಸುಲಭವಾಗಿ ಇದು ನಡೆಯಲಿಲ್ಲ. ಅಧಿಕಾರಿಗಳ, ತಜ್ಞರ ಮಾತೇ ಮೇಲಾಗಿ ಹಳ್ಳಿಗರು ಹಿಂದೆ ಉಳಿದರೆಂಬ ಟೀಕೆಯೂ ಬಂತು.

ಇದರಿಂದ ನಮಗೇನು ಪಾಠ? 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಕಾಸರಗೋಡಿನ ಕನ್ನಡಿಗರಾದ ನಾವು ಭಾಷೆಯ ಹಕ್ಕಿಗಾಗಿ ಮನವಿ ಬರೆಯುತ್ತಲೇ ಇದ್ದೇವೆ; ಬರೆಯಲೇಬೇಕು. ಆದರೆ ಅಟ್ಟದ ಮೇಲಿನ ಕಳಸೆ, ಮುಟ್ಟಾಳೆ, ತಾಳೆಗರಿಯ ಕಟ್ಟುಗಳನ್ನು ಗುಜರಿಗೆ ಹಾಕುತ್ತಿರುವವರು ನಾವೇ ಅಲ್ಲವೆ? ಅವುಗಳ ಹೆಸರು, ಬಳಕೆ ಬಲ್ಲ ಅಜ್ಜಿಯಂದಿರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಶಾಲೆಯ ಒಂದು ಕೋಣೆ, ಒಂದು ದಾಖಲೆ ಪುಸ್ತಕ, ಕೇಳಿ ಬರೆದುಕೊಳ್ಳುವ ನಾಲ್ಕು ಮಕ್ಕಳು. ಇಷ್ಟಿದ್ದರೆ ಆರಂಭಕ್ಕೆ ಸಾಕು. ಒಡೆಯರು ನಾವೆಂದ ಮೇಲೆ ಕಾವಲೂ ನಮ್ಮದೇ.